ಸ್ಕ್ಯಾನ್ ಸರಿಯಿದೆ, ಆದರೂ ತಲೆನೋವು: ಸೈಕಲ್‌ನಿಂದ ಬಿದ್ದ ಮಗನನ್ನು ಮತ್ತೆ ಯಾವಾಗ ಹತ್ತಿಸುವುದು?

ಪ್ರಶ್ನೆ: ವಸಂತ ಬಂತೆಂದರೆ ರಜೆಯ ದಿನ ನಮ್ಮ ಮನೆಯಲ್ಲಿ ಯಾರೂ ಒಳಗೆ ಕೂರುವುದಿಲ್ಲ. ನಾವಿಬ್ಬರು, ಹತ್ತು ವರ್ಷದ ಮಗ, ಆರು ವರ್ಷದ ಮಗಳು ಸೇರಿ ಎಲ್ಲಾದರೂ ಸೈಕಲ್ ಹೊಡೆಯುತ್ತೇವೆ. ಮೂರು ವಾರದ ಹಿಂದೆ ವಾಪಸ್ ಬರುವಾಗ ಇಳಿಜಾರಿನಲ್ಲಿ ಮಗ ಬ್ರೇಕ್ ಹಿಡಿದ, ಹ್ಯಾಂಡಲ್ ಮೇಲಿಂದ ಹಾರಿ ಬಿದ್ದ. ಹೆಲ್ಮೆಟ್ ಬಿರುಕು ಬಿಟ್ಟಿತು. ಸ್ವಲ್ಪ ಹೊತ್ತು ಕರೆದರೂ ಉತ್ತರವಿಲ್ಲ. ಆಮೇಲೆ "ನಾವು ಎಲ್ಲಿದ್ದೀವಿ?" ಎಂದು ಅದನ್ನೇ ಮತ್ತೆ ಮತ್ತೆ ಕೇಳಿದ, ಒಂದು ಸಲ ವಾಂತಿ ಮಾಡಿದ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಏನೂ ಇಲ್ಲ ಎಂದು ಕಳಿಸಿದರು. ಈಗ ಅರ್ಧ ಗಂಟೆ ಓದಿದರೆ ತಲೆನೋವು, ಸಂಜೆಯಾದರೆ ಸಿಡಿಮಿಡಿ. ಸೈಕಲ್ ಹತ್ತಿರವೂ ಹೋಗುವುದಿಲ್ಲ. ಭಯ ಬೇರೂರುವ ಮೊದಲೇ ಹತ್ತಿಸಬೇಕು ಎಂಬುದು ನನ್ನ ಗಂಡನ ವಾದ. "ಮುಂದಿನ ಬ್ರೇಕ್ ಒಂದನ್ನೇ ಒತ್ತಿದ್ದಕ್ಕೆ ಬಿದ್ದೆ" ಎಂದು ಅವನಿಗೆ ಬೈದೂ ಬಿಟ್ಟರು. ಅವನೋ, ಎರಡೂ ಒತ್ತಿದ್ದೆ ಎನ್ನುತ್ತಾನೆ. ನನಗಂತೂ ಸೈಕಲ್‌ಗಳನ್ನೆಲ್ಲ ಮಾರಿಬಿಡೋಣ ಅನ್ನಿಸಿದೆ. ಕಣ್ಣು ಮುಚ್ಚಿದರೆ ಆ ಸದ್ದೇ ಕೇಳುತ್ತದೆ. ಮಗಳು ದಿನಾ ಬೊಂಬೆಯನ್ನು ಬೀಳಿಸಿ ಆಸ್ಪತ್ರೆ ಆಟ ಆಡುತ್ತಾಳೆ. ಸ್ಕ್ಯಾನ್ ಸರಿಯಿದ್ದರೆ ತಲೆನೋವು ಯಾಕೆ? ಹೆಲ್ಮೆಟ್ ಕಳಪೆಯದಾಗಿತ್ತೇ? ನಾವು ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮಿಬ್ಬರ ಜಗಳಕ್ಕೆ ಬರುತ್ತೇನೆ. ಅದು ಮುಗಿಯದೆ ಬೇರೇನೂ ಮುಂದಕ್ಕೆ ಹೋಗುವುದಿಲ್ಲ. ಅವನನ್ನು ಈಗ ಸೈಕಲ್ ಹತ್ತಿಸಬೇಡಿ. ಸೈಕಲ್ ಮಾರಲೂ ಬೇಡಿ. ಆದರೆ ರಜೆಯ ದಿನದ ತಿರುಗಾಟವನ್ನು ಈ ವಾರವೇ ಮತ್ತೆ ಶುರು ಮಾಡಿ, ನಡೆದುಕೊಂಡು. ನಿಮ್ಮ ಮನೆಯಲ್ಲಿ ಹೊರಗೆ ಹೋಗುವುದು ಎಂದರೆ ಸೈಕಲ್ ಎಂದೇ ಆಗಿಬಿಟ್ಟಿದೆ. ಹಾಗಾಗಿ ಒಬ್ಬರಿಗೆ ಸೈಕಲ್ ಬಿಟ್ಟರೆ ಎಲ್ಲ ಹೋಯಿತು ಅನ್ನಿಸುತ್ತಿದೆ, ಇನ್ನೊಬ್ಬರಿಗೆ ಮನೆಯಲ್ಲೇ ಇದ್ದರೆ ಮಾತ್ರ ಮಗ ಕ್ಷೇಮ ಅನ್ನಿಸುತ್ತಿದೆ. ಎರಡನ್ನೂ ಬೇರೆ ಮಾಡಿ. ಸೈಕಲ್ ಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡೋಣ.

ಈಗ ತಲೆನೋವು. ನೀವು ಹೇಳುವ ಲಕ್ಷಣಗಳನ್ನು ನೋಡಿದರೆ ಮಗನಿಗೆ ಕನ್ಕಷನ್ ಆಗಿದೆ. ಸ್ವಲ್ಪ ಹೊತ್ತು ಮಾತಿಲ್ಲ, ಕೇಳಿದ್ದನ್ನೇ ಮತ್ತೆ ಕೇಳುವುದು, ವಾಂತಿ, ಎಲ್ಲ ಅದರದೇ ಗುರುತು. ತಲೆಗೆ ಪೆಟ್ಟು ಬಿದ್ದಾಗ ಮಿದುಳು ಒಳಗೇ ಜೋರಾಗಿ ಅಲುಗಾಡುತ್ತದೆ, ಅದರ ಕೆಲಸ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಏರುಪೇರಾಗುತ್ತದೆ. ರಚನೆ ಮುರಿದಿರುವುದಿಲ್ಲ. ಸಿ.ಟಿ. ಸ್ಕ್ಯಾನ್ ತೋರಿಸುವುದು ಮೂಳೆ ಬಿರುಕು, ರಕ್ತಸ್ರಾವ, ಬಾವು ಇಂಥವನ್ನು. ಅವು ಯಾವುದೂ ಇಲ್ಲ ಎಂಬುದು ದೊಡ್ಡ ಸಮಾಧಾನವೇ. ಆದರೆ ಕನ್ಕಷನ್ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಆಸ್ಪತ್ರೆಯವರು ಏನೂ ಇಲ್ಲ ಎಂದದ್ದು ಆಪರೇಷನ್ ಮಾಡುವಂಥದ್ದು ಏನೂ ಇಲ್ಲ ಎಂಬ ಅರ್ಥದಲ್ಲಿ. ಅವಸರದಲ್ಲಿ ಆ ಉಳಿದ ಮಾತು ಹೇಳುವವರು ಕಡಿಮೆ. ಹೀಗಾಗಿ ಮನೆಯಲ್ಲಿ, ಇವನು ಓದಲು ಇಷ್ಟವಿಲ್ಲದೆ ನೆಪ ಹೇಳುತ್ತಿದ್ದಾನೆ ಎಂಬ ಅನುಮಾನ ಶುರುವಾಗುತ್ತದೆ. ನಿಮ್ಮ ಮಗ ನೆಪ ಹೇಳುತ್ತಿಲ್ಲ.

ಮಕ್ಕಳಲ್ಲಿ ಬಹುಪಾಲು ನಾಲ್ಕು ವಾರದೊಳಗೆ ಸರಿಹೋಗುತ್ತದೆ. ಮೂರು ವಾರಕ್ಕೆ ಸ್ವಲ್ಪ ಉಳಿದಿದ್ದರೆ ಗಾಬರಿಯಿಲ್ಲ. ಆದರೆ ಸುಮ್ನೆ ಕಾಯುವುದೂ ಬೇಡ. ಓದಿದಾಗ ಮಾತ್ರ ಬರುವ ತಲೆನೋವಿಗೆ ಬೇರೆ ಕಾರಣಗಳೂ ಇರಬಹುದು. ಪೆಟ್ಟಿನ ನಂತರ ಎರಡೂ ಕಣ್ಣುಗಳನ್ನು ಹತ್ತಿರದ ಅಕ್ಷರದ ಮೇಲೆ ಒಟ್ಟಿಗೆ ನಿಲ್ಲಿಸುವುದು ಕೆಲವು ಮಕ್ಕಳಿಗೆ ಕಷ್ಟವಾಗುತ್ತದೆ. ಅಕ್ಷರ ಎರಡಾಗಿ ಕಾಣುತ್ತದೆಯಾ, ಸಾಲು ತಪ್ಪುತ್ತದೆಯಾ ಎಂದು ಕೇಳಿ ನೋಡಿ. ಹ್ಯಾಂಡಲ್ ಮೇಲಿಂದ ಹಾರಿದವನಿಗೆ ಕತ್ತೂ ಉಳುಕಿರಬಹುದು. ತಲೆ ಬಗ್ಗಿಸಿ ಕೂತು ಓದಿದರೆ ಅಲ್ಲಿಂದಲೇ ನೋವು ಹತ್ತುತ್ತದೆ. ಎರಡಕ್ಕೂ ವ್ಯಾಯಾಮ ಇದೆ. ನಾಲ್ಕು ವಾರ ತುಂಬುವ ಹೊತ್ತಿಗೆ ಮಕ್ಕಳ ವೈದ್ಯರ ಹತ್ತಿರ ಇನ್ನೊಮ್ಮೆ ಹೋಗಿ, ಕಣ್ಣು, ಕತ್ತು, ನಿಂತಾಗಿನ ಸಮತೋಲ ಮೂರನ್ನೂ ನೋಡಿ ಎಂದು ನೀವಾಗಿಯೇ ಕೇಳಿ.

ಅಲ್ಲಿಯವರೆಗೆ? ಕತ್ತಲೆ ಕೋಣೆಯಲ್ಲಿ ಮಲಗಿಸುವ ಹಳೇ ಪದ್ಧತಿ ಈಗ ಇಲ್ಲ. ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲ್ ಟೀವಿ ಕಡಿಮೆ, ಆಮೇಲೆ ಮೆಲ್ಲಗೆ ಓಡಾಟ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಕ್ರೀಡಾ ಕನ್ಕಷನ್ ತಜ್ಞರ ಸಭೆ ಹೇಳಿದ್ದೂ ಇದನ್ನೇ: ಬೇಗ ಶುರುವಾಗುವ ಹಗುರ ವ್ಯಾಯಾಮ ಚೇತರಿಕೆಗೆ ಒಳ್ಳೆಯದು. ಎಷ್ಟು ಹಗುರ ಎನ್ನುವುದಕ್ಕೂ ಅವರದೊಂದು ಅಳತೆ ಇದೆ. ಹೊರಡುವ ಮುಂಚೆ ತಲೆನೋವು ಹತ್ತಕ್ಕೆ ಎಷ್ಟು ಎಂದು ಕೇಳಿ. ಎರಡು ಅಂದ ಎಂದುಕೊಳ್ಳಿ. ನಡೆಯುವಾಗ ಅದು ಮೂರೋ ನಾಲ್ಕೋ ಆಗಿ, ಕೂತ ಮೇಲೆ ಒಂದು ಗಂಟೆಯೊಳಗೆ ಇಳಿದರೆ ತೊಂದರೆಯಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಅವತ್ತಿಗೆ ನಿಲ್ಲಿಸಿ, ಮರುದಿನ ಸ್ವಲ್ಪ ಕಡಿಮೆ ನಡೆಯಿರಿ. ನಡೆದುಕೊಂಡು ಹೋಗಿ ಎಂದು ಮೊದಲಿಗೇ ಹೇಳಿದ್ದು ಇದಕ್ಕೇ. ಅದು ಅವನಿಗೆ ಮನರಂಜನೆಯೂ ಹೌದು, ಔಷಧಿಯೂ ಹೌದು.

ಓದಿಗೂ ಇದೇ ಲೆಕ್ಕ. ಅರ್ಧ ಗಂಟೆಗೆ ನೋವು ಬರುತ್ತದೆ ಎಂದರೆ ಇಪ್ಪತ್ತು ನಿಮಿಷಕ್ಕೇ ಎಬ್ಬಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಕೂರಿಸಿ. ನೋವು ಬಂದ ಮೇಲೆ ನಿಲ್ಲಿಸುವುದಕ್ಕಿಂತ ಬರುವ ಮೊದಲು ನಿಲ್ಲಿಸಿದರೆ ದಿನದ ಒಟ್ಟು ಓದು ಜಾಸ್ತಿಯೇ ಆಗುತ್ತದೆ. ಶಾಲೆಗೆ ಒಂದು ಚೀಟಿ ಬರೆದು ಕೊಡಿ. ಪರೀಕ್ಷೆಗೆ ಹೆಚ್ಚು ಸಮಯ, ಆಟದ ಪಿರಿಯಡ್‌ನಲ್ಲಿ ಚೆಂಡು ತಾಗುವ, ಡಿಕ್ಕಿಯಾಗುವ ಆಟ ಬೇಡ, ಇಷ್ಟು ಸಾಕು. ನೋವಿನ ಮಾತ್ರೆ ಬೇಕಾದರೆ ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಕೊಡಿ. ಆದರೆ ವಾರದಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚಾಗಿ ಕೊಡುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಅಂಟಿಕೊಳ್ಳಬಹುದು. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ.

ದಿನದಿಂದ ದಿನಕ್ಕೆ ಏರುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಫಿಟ್ಸ್, ಒಂದು ಕೈ ಅಥವಾ ಕಾಲಿಗೆ ಶಕ್ತಿ ಇಲ್ಲದಿರುವುದು, ಮಾತು ತೊದಲುವುದು, ಮೂಗು ಅಥವಾ ಕಿವಿಯಿಂದ ನೀರಿನಂಥದ್ದು ಸೋರುವುದು. ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟ್ ಎಂದು ಕಾಯಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ.

ನೀವು ಕೇಳದ ಒಂದು ಪ್ರಶ್ನೆಯನ್ನು ನಾನು ಕೇಳುತ್ತೇನೆ. ಬೀಳುವಾಗ ಹ್ಯಾಂಡಲ್ ತುದಿ ಹೊಟ್ಟೆಗೆ ಚುಚ್ಚಿತ್ತಾ? ಸೈಕಲ್ ಅಪಘಾತ ಎಂದ ಕೂಡಲೇ ಎಲ್ಲರ ಗಮನ ತಲೆಯ ಮೇಲೆ. ಆದರೆ ಮಕ್ಕಳ ವೈದ್ಯರಿಗೆ ಹೆಚ್ಚು ಅಂಜಿಕೆ ಹುಟ್ಟಿಸುವುದು ಹೊಟ್ಟೆಯ ಮೇಲಿನ ಒಂದು ಪುಟ್ಟ ದುಂಡನೆಯ ಕಂದು ಗುರುತು, ನಾಣ್ಯದಷ್ಟು ದೊಡ್ಡದು. ಬೀಳುವಾಗ ಮುಂದಿನ ಚಕ್ರ ತಿರುಚಿ, ಹ್ಯಾಂಡಲ್‌ನ ಒಂದು ತುದಿ ನೇರ ಹೊಟ್ಟೆಗೆ ಎದುರಾಗುತ್ತದೆ. ಮಗುವಿನ ಪೂರ್ತಿ ಭಾರ ಅಷ್ಟೇ ಅಗಲದ ಜಾಗದ ಮೇಲೆ ಬೀಳುತ್ತದೆ. ಹಿಂದೆ ಬೆನ್ನುಮೂಳೆ, ಮುಂದೆ ಕಬ್ಬಿಣ, ನಡುವೆ ಸಿಕ್ಕಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗ ಮತ್ತು ಮೇದೋಜೀರಕ ಗ್ರಂಥಿ. ಲಿವರ್, ಗುಲ್ಮ ಕೂಡ ಹರಿಯಬಹುದು. ಕೆಟ್ಟದ್ದೆಂದರೆ ಮೊದಲ ಕೆಲವು ಗಂಟೆ ಮಗು ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಕರುಳಿನ ಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಒಂದೆರಡು ದಿನ ಬಿಟ್ಟು ಹಸಿರು ವಾಂತಿ ಶುರುವಾಗಬಹುದು. ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿದ್ದರೆ ಅದರ ಸುತ್ತ ದ್ರವ ತುಂಬಿದ ಚೀಲ ಕೆಲವು ವಾರಗಳ ಮೇಲೂ ಕಾಣಿಸಿಕೊಳ್ಳಬಹುದು. ಮೂರು ವಾರದಿಂದ ಊಟ ತಿಂಡಿ ಚೆನ್ನಾಗಿದ್ದು ಹೊಟ್ಟೆನೋವೇ ಇಲ್ಲ ಎಂದರೆ ಬಹುಶಃ ಚಿಂತೆಯಿಲ್ಲ. ಊಟ ಕಡಿಮೆಯಾಗಿದ್ದರೆ, ಉಂಡ ಮೇಲೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರೆ, ಅಂದು ಹೊಟ್ಟೆಗೆ ತಾಗಿತ್ತು ಎಂದು ಅವನು ಹೇಳಿದರೆ, ನಾಳೆಯೇ ವೈದ್ಯರಿಗೆ ತೋರಿಸಿ. ಮನೆಯ ಎಲ್ಲ ಸೈಕಲ್‌ಗಳ ಹ್ಯಾಂಡಲ್ ತುದಿಯನ್ನೂ ಇವತ್ತೇ ನೋಡಿ. ರಬ್ಬರ್ ಹಿಡಿ ಹರಿದು ಕೊಳವೆಯ ಬಾಯಿ ಬೋಳಾಗಿ ಹೊರಗೆ ಕಾಣುತ್ತಿದ್ದರೆ ಹೊಸದು ಹಾಕಿಸಿ. ಸೈಕಲ್‌ನಲ್ಲಿ ಇದಕ್ಕಿಂತ ಅಗ್ಗದ ರಿಪೇರಿ ಇಲ್ಲ, ಇದಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದೂ ಇಲ್ಲ.

ಇನ್ನು ಬ್ರೇಕ್ ವಿಷಯ. ಇಲ್ಲಿ ನಾನು ಮಗನ ಪರ.

ಎರಡೂ ಬ್ರೇಕ್ ಒತ್ತಿದರೂ ಸೈಕಲ್ ಮಗುಚಬಹುದು. ಬ್ರೇಕ್ ಹಿಡಿದಾಗ ಚಕ್ರ ನಿಧಾನವಾಗುತ್ತದೆ, ಮೈ ಮುಂದಕ್ಕೇ ಹೋಗಲು ನೋಡುತ್ತದೆ. ಭಾರ ಮುಂದಿನ ಚಕ್ರದ ಮೇಲೆ ಸರಿಯುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಒತ್ತಿದರೂ ಅದು ಜಾರುತ್ತದೆ ಅಷ್ಟೇ, ತಡೆಯುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ನೆಟ್ಟಗೆ ಕೂತವನಿಗೆ, ಗುರುತ್ವಾಕರ್ಷಣೆಯ ಅರ್ಧಕ್ಕಿಂತ ತುಸು ಹೆಚ್ಚಿನ ಜೋರಿನಲ್ಲಿ ವೇಗ ಕುಗ್ಗಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ. ಇಳಿಜಾರಿನಲ್ಲಿ ಅಷ್ಟೂ ಬೇಕಿಲ್ಲ, ಭಾರ ಮೊದಲೇ ಮುಂದಿರುತ್ತದೆ. ಮಕ್ಕಳ ಸೈಕಲ್ ಗಿಡ್ಡ, ಎರಡು ಚಕ್ರಗಳ ನಡುವೆ ಅಂತರ ಕಡಿಮೆ. ಜೊತೆಗೆ ಈ ವರ್ಷ ಹುಡುಗ ಉದ್ದವಾಗಿದ್ದಾನೆ ಎಂದು ಸೀಟು ಎತ್ತರಿಸಿದ್ದರೆ ಭಾರ ಇನ್ನೂ ಮೇಲಕ್ಕೆ ಹೋಗಿರುತ್ತದೆ. ಸುಸ್ತಾಗಿ ವಾಪಸ್ ಬರುವಾಗ ಬೇರೆ. ಕೈಗೆ ದಣಿವು, ಬ್ರೇಕ್ ಹಿಡಿಯುವುದು ತಡವಾಗುತ್ತದೆ, ತಡವಾದ್ದರಿಂದ ಗಾಬರಿ, ಗಾಬರಿಯಲ್ಲಿ ಮುಷ್ಟಿ ಪೂರ್ತಿ ಬಿಗಿ. ಹೀಗೆ ಬಿದ್ದ ಹತ್ತು ವರ್ಷದ ಹುಡುಗ ತಪ್ಪು ಮಾಡಿದ ಎನ್ನುವುದಕ್ಕಿಂತ, ಯಾರೂ ಅವನಿಗೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದನ್ನು ಬೇರೆಯಾಗಿ ಕಲಿಸಿರಲಿಲ್ಲ ಎನ್ನುವುದು ಸರಿ. ನಿಮ್ಮ ಯಜಮಾನರು ಇದನ್ನು ಅವನಿಗೆ ಬಾಯಿಬಿಟ್ಟು ಹೇಳಬೇಕು. "ನೀನು ಹೇಳಿದ್ದು ಸರಿ, ಎರಡೂ ಹಿಡಿದರೂ ಹಾಗಾಗುತ್ತದಂತೆ" ಎಂಬ ಒಂದು ಮಾತು ಸಾಕು.

ಮುಂದಿನ ಬ್ರೇಕ್ ಮುಟ್ಟಲೇಬೇಡ ಎಂದು ಮಾತ್ರ ಹೇಳಿಕೊಡಬೇಡಿ. ಸೈಕಲ್ಲನ್ನು ನಿಜವಾಗಿ ನಿಲ್ಲಿಸುವುದು ಅದೇ. ಕಲಿಸಬೇಕಾದದ್ದು ಬೇರೆ: ಇಳಿಜಾರು ಶುರುವಾಗುವ ಮೊದಲೇ ನಿಧಾನ ಮಾಡು, ಬಿಟ್ಟು ಬಿಟ್ಟು ಮೆಲ್ಲಗೆ ಒತ್ತು, ಒತ್ತುವಾಗ ಕುಂಡೆ ಸೀಟಿನ ಹಿಂದಕ್ಕೆ ಸರಿಸು, ತೋಳು ಗಟ್ಟಿ. ಬ್ರೇಕ್ ಹಿಡಿಗೆ ಅವನ ಬೆರಳು ಸುಲಭವಾಗಿ ಎಟಕುತ್ತದೆಯಾ ನೋಡಿ. ಬಹಳ ಸೈಕಲ್‌ಗಳಲ್ಲಿ ಹಿಡಿಯ ಬುಡದಲ್ಲಿ ಪುಟ್ಟ ಸ್ಕ್ರೂ ಇರುತ್ತದೆ, ತಿರುಗಿಸಿದರೆ ಹಿಡಿ ಹ್ಯಾಂಡಲ್ ಹತ್ತಿರ ಬರುತ್ತದೆ. ಅಂದ ಹಾಗೆ, ಯಾವ ಕೈಗೆ ಯಾವ ಬ್ರೇಕ್ ಎಂಬುದು ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಮುಂದಿನದು ಸಾಮಾನ್ಯವಾಗಿ ಎಡಗೈಗೆ, ಬ್ರಿಟನ್‌ನಲ್ಲಿ ಬಲಗೈಗೆ. ಬಾಡಿಗೆಯ ಅಥವಾ ಬೇರೆಯವರ ಸೈಕಲ್ ಹತ್ತುವ ಮುಂಚೆ ನಿಂತಲ್ಲೇ ಒತ್ತಿ ನೋಡುವ ಅಭ್ಯಾಸ ಎಲ್ಲರಿಗೂ ಒಳ್ಳೆಯದು. ಕೆಲವು ತಿಂಗಳು ಮೂಲೆಯಲ್ಲಿ ನಿಂತಿದ್ದ ಸೈಕಲ್ಲನ್ನು ವಸಂತದ ಮೊದಲ ದಿನವೇ ಇಳಿಜಾರಿಗೆ ಒಯ್ಯುವುದೂ ಬೇಡ. ಬ್ರೇಕ್ ಕೇಬಲ್ ತುಕ್ಕು, ಬ್ರೇಕ್ ರಬ್ಬರ್ ಸವೆತ, ಟೈರಿನ ಬಿರುಕು, ಚಕ್ರದ ನಟ್ಟು ಒಮ್ಮೆ ನೋಡಿಕೊಂಡು, ಮೊದಲ ಕೆಲವು ಸಲ ಸಮತಟ್ಟು ದಾರಿಯಲ್ಲೇ ಹೋಗಿ.

ಹೆಲ್ಮೆಟ್ ಕಳಪೆಯದಾಗಿತ್ತೇ? ಬಿರುಕು ಬಿಟ್ಟಿತು ಎಂಬ ಒಂದೇ ಕಾರಣಕ್ಕೆ ಹಾಗೆ ಹೇಳಲಾಗದು. ಒಳಗಿರುವ ಬಿಳಿ ಅಥವಾ ಕಪ್ಪು ಫೋಮ್ ಜಜ್ಜಿಹೋಗುವುದಕ್ಕೆಂದೇ ಇರುವುದು. ಹೆಲ್ಮೆಟ್ ಇಲ್ಲದ ತಲೆ ನೆಲಕ್ಕೆ ತಾಗಿದರೆ ಕೆಲವೇ ಮಿಲಿಮೀಟರಿನಲ್ಲಿ ನಿಂತುಬಿಡಬೇಕು. ಫೋಮ್ ಜಜ್ಜಿಕೊಂಡರೆ ನಿಲ್ಲಲು ಒಂದೆರಡು ಸೆಂಟಿಮೀಟರ್ ಸಿಗುತ್ತದೆ. ಮಿದುಳಿಗೆ ಬೀಳುವ ಹೊಡೆತ ಅಷ್ಟು ಪಾಲು ಕಡಿಮೆ. ಹೆಲ್ಮೆಟ್‌ನಿಂದ ತಲೆಬುರುಡೆ ಒಡೆಯುವುದು, ಮಿದುಳಿಗೆ ದೊಡ್ಡ ಗಾಯವಾಗುವುದು ಬಹಳ ಕಡಿಮೆಯಾಗುತ್ತದೆ. ಕನ್ಕಷನ್ ಅನ್ನು ಅದು ಅಷ್ಟು ಚೆನ್ನಾಗಿ ತಡೆಯುವುದಿಲ್ಲ. ನಿಮ್ಮ ಮಗನಿಗೆ ಆಗಿರುವುದೂ ಇದೇ: ಸ್ಕ್ಯಾನ್ ಸರಿಯಿದೆ, ತಲೆನೋವಿದೆ.

ಪರೀಕ್ಷೆಯ ಮಿತಿಯೂ ನಿಮಗೆ ಗೊತ್ತಿರಲಿ. ಯುರೋಪಿನ ಇಎನ್ 1078 ಮಾನದಂಡದಲ್ಲಿ ಹೆಲ್ಮೆಟ್ ಹಾಕಿದ ಲೋಹದ ತಲೆಯನ್ನು ಚಪ್ಪಟೆ ಲೋಹದ ಮೇಲೆ ಬೀಳಿಸುವುದು ಸುಮಾರು ಒಂದೂವರೆ ಮೀಟರ್ ಎತ್ತರದಿಂದ. ತಾಗುವಾಗ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಹತ್ತಿರ. ಅಮೆರಿಕದ ಸಿಪಿಎಸ್‌ಸಿ ಮಾನದಂಡದಲ್ಲಿ ಎರಡು ಮೀಟರ್, ಸುಮಾರು 22 ಕಿಲೋಮೀಟರ್. ಅಂದರೆ ಸೈಕಲ್ ಮೇಲೆ ಕೂತ ಎತ್ತರದಿಂದ ತಲೆ ನೆಲಕ್ಕೆ ಬಡಿಯುವುದನ್ನು ಲೆಕ್ಕ ಹಾಕಿ ಮಾಡಿದ ವಸ್ತು ಇದು. ಇಳಿಜಾರಿನಲ್ಲಿ 35ರ ವೇಗದಲ್ಲಿ ಹೋಗಿ ಕಂಬಕ್ಕೆ ಗುದ್ದುವುದನ್ನಲ್ಲ. ಹೆಲ್ಮೆಟ್ ಇದೆ ಎಂದು ಇಳಿಜಾರಿನಲ್ಲಿ ಸೈಕಲ್ಲನ್ನು ಜೋರಾಗಿ ಬಿಟ್ಟುಬಿಡುವುದು ತಪ್ಪು ಲೆಕ್ಕ. ಹೊಸದು ತರುವಾಗ ಒಳಗಿನ ಚೀಟಿಯಲ್ಲಿ ಇಂಥ ಒಂದು ಮಾನದಂಡದ ಹೆಸರು ಇದೆಯಾ ನೋಡಿ. ಹುಬ್ಬಿನ ಮೇಲೆ ಎರಡು ಬೆರಳಿಗಿಂತ ಜಾಸ್ತಿ ಹಣೆ ಕಾಣಬಾರದು, ಪಟ್ಟಿ ಕಿವಿಯ ಕೆಳಗೆ ಎರಡೂ ಕಡೆಯಿಂದ ಬಂದು ಸೇರಬೇಕು, ಗದ್ದದ ಕೆಳಗೆ ಒಂದೆರಡು ಬೆರಳಷ್ಟೇ ಸಡಿಲ ಇರಲಿ. ಬಿರುಕು ಬಿಟ್ಟ ಹಳೆಯದನ್ನು ಟೇಪ್ ಸುತ್ತಿ ಮಗಳಿಗೆ ಕೊಡಬೇಡಿ. ಜಜ್ಜಿದ ಫೋಮ್ ಮತ್ತೆ ಉಬ್ಬುವುದಿಲ್ಲ. ವೈದ್ಯರಿಗೆ ಒಮ್ಮೆ ತೋರಿಸಿ, ಎಲ್ಲಿ ಪೆಟ್ಟು ಬಿದ್ದಿದೆ ಎಂಬುದು ಅವರಿಗೆ ಉಪಯೋಗಕ್ಕೆ ಬರುತ್ತದೆ. ಆಮೇಲೆ ಪಟ್ಟಿ ಕತ್ತರಿಸಿ ಕಸಕ್ಕೆ ಹಾಕಿ. ಹೆಲ್ಮೆಟ್ ಹಾಕಿಕೊಂಡೇ ಜಾರುಬಂಡಿ, ಏಣಿ ಹತ್ತಲು ಮಕ್ಕಳನ್ನು ಬಿಡಬೇಡಿ, ಪಟ್ಟಿ ಕಂಬಿಗೆ ಸಿಕ್ಕಿ ಕುತ್ತಿಗೆ ಬಿಗಿದ ಘಟನೆಗಳಿವೆ.

ಭಯದ ಮಾತಿಗೆ ಬಂದರೆ, ನಿಮ್ಮ ಯಜಮಾನರ ವಾದದಲ್ಲಿ ಅರ್ಧ ನಿಜ ಇದೆ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಹೌದು. ಆದರೆ ಬಲವಂತವಾಗಿ ಹತ್ತಿಸಿದರೆ ಅವನು ಕಲಿಯುವುದು ಸೈಕಲ್ ಜೊತೆಗೆ ಅಪ್ಪನಿಗೂ ಹೆದರುವುದನ್ನು. ಅದಕ್ಕಿಂತ ಮುಖ್ಯ, ತಲೆನೋವು ಇನ್ನೂ ಇರುವಾಗ ಮತ್ತೊಂದು ಪೆಟ್ಟು ಬೀಳುವ ಕೆಲಸವೇ ಕೂಡದು. ಓದು ಪೂರ್ತಿ ಸಲೀಸಾಗಬೇಕು, ಓಡಿದರೂ ತಲೆನೋವು ಬರಬಾರದು, ವೈದ್ಯರು ಸರಿ ಎನ್ನಬೇಕು. ಆಮೇಲೆ ಸೈಕಲ್. ಈ ಕಾಯುವ ದಿನಗಳು ವ್ಯರ್ಥವಲ್ಲ. ಮೊದಲು ಸೈಕಲ್ ಇರುವ ಜಾಗದಲ್ಲಿ ಕೂತು ಬೇರೇನಾದರೂ ಆಡಲಿ. ಇನ್ನೊಂದು ದಿನ ಅಪ್ಪನ ಜೊತೆ ಅದನ್ನು ತೊಳೆಯಲಿ, ಬ್ರೇಕ್ ಬಿಗಿಸಲಿ. ಚಕ್ರ ತಿರುಗಿಸಿ ಕೈಯಿಂದ ಬ್ರೇಕ್ ಒತ್ತಿ ನೋಡಲಿ. ತಳ್ಳಿಕೊಂಡು ನಡೆಯಲಿ. ವೈದ್ಯರ ಒಪ್ಪಿಗೆಯ ಮೇಲೆ ಸಮತಟ್ಟಾದ, ಗಾಡಿ ಇಲ್ಲದ ಜಾಗದಲ್ಲಿ ಒಂದು ಸುತ್ತು. ಇಳಿಜಾರು ಕೊನೆಗೆ, ಬಿದ್ದ ಆ ಇಳಿಜಾರು ಎಲ್ಲಕ್ಕಿಂತ ಕೊನೆಗೆ, ಬೇಕೆನಿಸಿದರೆ ಮಾತ್ರ. ಮುಂದಿನ ಹೆಜ್ಜೆ ಯಾವಾಗ ಎಂದು ಅವನೇ ಹೇಳಲಿ. ಒಂದೇ ಷರತ್ತು: ಎದೆ ಡವಡವ ಎನ್ನುವಾಗಲೇ ಬಿಟ್ಟು ಓಡುವುದು ಬೇಡ, ಸ್ವಲ್ಪ ಹೊತ್ತು ಅಲ್ಲೇ ಇದ್ದು ಭಯ ಇಳಿದ ಮೇಲೆ ಹೊರಡೋಣ ಎನ್ನಿ. ತಂಗಿ ಹೆದರುವುದಿಲ್ಲ, ನೀನು ನೋಡು, ಎಂಬ ಮಾತು ಬರಲೇಬಾರದು. ಲಂಚದ ಆಸೆಯೂ ಬೇಡ.

ಇಷ್ಟೆಲ್ಲ ಆಗಿಯೂ ಅವನಿಗೆ ಸೈಕಲ್ ಬೇಡ ಅನ್ನಿಸಿದರೆ? ಬಿಡಲಿ. ಸೈಕಲ್ ಹೊಡೆಯದೆಯೂ ಜನ ಚೆನ್ನಾಗಿ ಬದುಕುತ್ತಾರೆ. ಹೆದರಿ ಬಿಡುವುದು ಬೇರೆ, ಹೆದರಿಕೆ ಇಳಿದ ಮೇಲೆ ಇಷ್ಟವಿಲ್ಲ ಎಂದು ಬಿಡುವುದು ಬೇರೆ ಅಲ್ವಾ?

ಅಂದಿನ ವಿಷಯ ಅವನಾಗಿ ಎತ್ತಿದರೆ ಪೂರ್ತಿ ಕೇಳಿಸಿಕೊಳ್ಳಿ. ಕೂರಿಸಿಕೊಂಡು ಎಲ್ಲ ಹೇಳು ಎಂದು ಕೆದಕಬೇಡಿ. ಕೆದಕಿಸಿದರೆ ಮನಸ್ಸು ಹಗುರವಾಗುತ್ತದೆ ಎಂಬ ನಂಬಿಕೆ ಇದೆ, ಅದು ಹಾಗೆ ಕೆಲಸ ಮಾಡುವುದಿಲ್ಲ. ಅವನಿಗೆ ಬಿದ್ದ ಮೇಲಿನ ಆ ಹೊತ್ತಿನ ನೆನಪೇ ಇಲ್ಲದಿರಬಹುದು. ಕನ್ಕಷನ್‌ನಲ್ಲಿ ಅದು ಸಹಜ. ಆಗ ಅವನ ತಲೆಯಲ್ಲಿರುವುದು ನೀವು ಹೇಳಿದ ಕತೆ ಮಾತ್ರ. ನೆಂಟರು ಬಂದಾಗಲೆಲ್ಲ ಅವನ ಮುಂದೆ "ಅಯ್ಯೋ, ಸತ್ತೇ ಹೋದ ಅಂದುಕೊಂಡೆವು" ಎಂದು ವರ್ಣಿಸುತ್ತಿದ್ದರೆ ನಿಲ್ಲಿಸಿ. ಒಂದು ತಿಂಗಳು ದಾಟಿದ ಮೇಲೂ ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಆ ರಸ್ತೆ ಎಂದರೆ ಅಳು, ಒಬ್ಬನೇ ಮಲಗಲಾರದಿರುವುದು ಇದ್ದರೆ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಿ. ಇಂಥ ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ, ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ.

ನೀವೂ ಅಲ್ಲೇ ಇದ್ದಿರಿ, ಆ ಸದ್ದು ಕೇಳಿದವರು ನೀವು. ಅವನಿಗೆ ನೆನಪಿಲ್ಲದಿರಬಹುದಾದದ್ದು ನಿಮಗೆ ನೆನಪಿದೆ. ಹಾಗಾಗಿ ನಿಮ್ಮ ಭಯ ಅವನದಕ್ಕಿಂತ ಜಾಸ್ತಿ ಇದ್ದರೆ ಆಶ್ಚರ್ಯವಿಲ್ಲ. ಒಂದು ತಿಂಗಳ ಮೇಲೂ ನಿದ್ದೆ ಕೆಡುತ್ತಿದ್ದರೆ ನೀವೂ ಸಹಾಯ ತೆಗೆದುಕೊಳ್ಳಿ. ಅಮ್ಮನ ಮುಖ ನೋಡಿಕೊಂಡೇ ಮಕ್ಕಳು ತಾವು ಎಷ್ಟು ಹೆದರಬೇಕು ಎಂದು ಅಳೆಯುತ್ತಾರೆ. ಮೊದಲ ಸೈಕಲ್ ಸುತ್ತಿನ ದಿನ ನಿಮಗೆ ನೋಡಲಾಗದು ಅನ್ನಿಸಿದರೆ ಮಗಳನ್ನು ಕರೆದುಕೊಂಡು ಬೇರೆ ಕಡೆ ನಡೆದು ಬನ್ನಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಮಗಳ ಬೊಂಬೆ ಆಟವನ್ನು ತಡೆಯಬೇಡಿ. ಆರು ವರ್ಷದವರು ಕಂಡದ್ದನ್ನು ಆಡಿಯೇ ಅರಗಿಸಿಕೊಳ್ಳುತ್ತಾರೆ. ಬೊಂಬೆ ಬಿದ್ದು, ಆಸ್ಪತ್ರೆಗೆ ಹೋಗಿ, ವಾಸಿಯಾಗಿ ಮನೆಗೆ ಬರುತ್ತಿದ್ದರೆ ಆಟ ಸರಿಯಾದ ದಾರಿಯಲ್ಲಿದೆ. ದಿನಾ ಬೀಳುವುದೇ ಆಗಿ ವಾಸಿಯಾಗುವುದೇ ಇಲ್ಲದಿದ್ದರೆ ನೀವೂ ಪಕ್ಕದಲ್ಲಿ ಕೂತು, ಡಾಕ್ಟರ್ ಆಗಿ, ಬೊಂಬೆಗೆ ಬ್ಯಾಂಡೇಜ್ ಸುತ್ತಿ ಮನೆಗೆ ಕಳಿಸಿ. ನಾಲ್ಕೈದು ವಾರ ಕಳೆದರೂ ಆಟ ಬದಲಾಗದಿದ್ದರೆ ಅಣ್ಣನನ್ನು ತೋರಿಸುವಾಗ ಅವಳ ವಿಷಯವನ್ನೂ ವೈದ್ಯರಿಗೆ ಹೇಳಿ.